ಕೊಸರು ಕೊಡದ ಕಾರು

ಸೋಮವಾರ ಎಂದರೆ ನಮ್ಮ ಮನೆಯಲ್ಲಿ ಅತ್ತೆಯ ದಿನ. ಎಂಟೂವರೆಯ ಹೊತ್ತಿಗೆ ಅವರು ಸ್ನಾನ, ಪೂಜೆ, ತಿಂಡಿ ಮುಗಿಸಿ, ಎರಡು ಬಟ್ಟೆ ಚೀಲಗಳನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಜಗಲಿಗೆ ಬಂದುಬಿಡುತ್ತಿದ್ದರು. ಜೀಪು ಹೊರಡುವುದು ಒಂಬತ್ತಕ್ಕೆ. ಆ ಅರ್ಧ ಗಂಟೆಯಲ್ಲಿ "ಇನ್ನೂ ಹೊರಡಲ್ವಂತಾ?" ಎಂದು ನಾಲ್ಕು ಸಲ ಕೇಳುವುದು. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷ. ಅಷ್ಟರಲ್ಲಿ ಅವರು ಸೋಮವಾರಪೇಟೆಯ ಸಂತೆ ತಪ್ಪಿಸಿದ್ದು ಹತ್ತಿರದವರ ಸಾವಿಗೆ, ನನ್ನ ಎರಡು ಬಾಣಂತನಕ್ಕೆ, ರಸ್ತೆಯ ಮೇಲೆ ಮರ ಬಿದ್ದ ದಿನಗಳಿಗೆ, ಅಷ್ಟಕ್ಕೇ.

ತರಕಾರಿ ನೆಪ. ಅರ್ಧ ತರಕಾರಿ ನಮ್ಮ ಹಿತ್ತಲಲ್ಲೇ ಬೆಳೆಯುತ್ತದೆ. ಅವರು ಹೋಗುತ್ತಿದ್ದುದು ಕೊಸರಿಗೆ. ತೂಕ ಮುಗಿದ ಮೇಲೆ ಅಂಗಡಿಯವನು ಮೇಲಿಂದ ಹಾಕುವ ಆ ಒಂದು ಹಿಡಿಗೆ. ಬೀನ್ಸ್ ತೂಗಿಸಿ, ಚೀಲದ ಬಾಯಿ ಬಿಡಿಸಿ ಹಿಡಿದು, ತಕ್ಕಡಿಯ ಕಡೆ ನೋಡದೆ ಅವನ ಮುಖವನ್ನೇ ನೋಡುತ್ತಾ ನಿಲ್ಲುವರು.

"ಇನ್ನೇನಜ್ಜಿ?"

"ನಾನೇನಂದೆ? ನೀನಿನ್ನೂ ಹಾಕಿ ಮುಗಿಸಿಲ್ಲ ಅನ್ಕಂಡು ನಿಂತೀನಿ ಕಣಪ್ಪ."

ಅವನು ನಕ್ಕು ಒಂದು ಹಿಡಿ ಹಾಕುತ್ತಿದ್ದ. ಆ ಹಿಡಿಯನ್ನು ಮನೆಗೆ ಬಂದು ಬೇರೆಯಾಗಿ ಹುರಿಸಿಕೊಂಡು ತಿನ್ನುವಷ್ಟು ಸಂಭ್ರಮ ಅವರಿಗೆ.

ಹೋದ ಮಳೆಗಾಲಕ್ಕೆ ಮೊದಲು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಮಂಡಿಯನ್ನು ಸೊಂಟಕ್ಕಿಂತ ಮೇಲೆ ಎತ್ತಲೇಬಾರದು, ಬಗ್ಗಬಾರದು, ವಾಕರ್ ಹಿಡಿದು ದಿನಾ ನಡೆಯಬೇಕು ಎಂದರು ಡಾಕ್ಟರು. ನಡೆಯಲು ನಮ್ಮಲ್ಲಿ ಸಮತಟ್ಟಾದ ಜಾಗ ಒಂದೇ, ಮನೆಯ ಹಿಂದೆ ಕಾಫಿ ಒಣಗಿಸುವ ಕಣ. ಸಿಮೆಂಟು ನೆಲ, ಕಡ್ಡಿ ಸಿಗದ ಹಾಗೆ ಗುಡಿಸಿದ್ದು. ಅತ್ತೆ ಬೆಳಿಗ್ಗೆ ಸಂಜೆ ಕಣದ ಈ ತುದಿಯಿಂದ ಆ ತುದಿಗೆ ನಡೆದರು. ಆ ತುದಿಯಲ್ಲಿ ಕಾಫಿ ಮೂಟೆಯನ್ನು ಗಾಡಿಗೆ ಹೇರಲೆಂದು ಕಣದ ಅಂಚನ್ನೇ ಕಲ್ಲಿನಿಂದ ಕಟ್ಟಿದ ಕಟ್ಟೆಯಿದೆ, ಅದರಾಚೆ ಗಾಡಿ ನಿಲ್ಲುವ ತಗ್ಗು. ಅಲ್ಲಿಯವರೆಗೆ ಹೋಗಿ, ಕೆಳಗೆ ಒಂದು ಸಲ ಇಣುಕಿ, ವಾಕರನ್ನು ತಿರುಗಿಸಿಕೊಂಡು ಬರುವರು. ಆರು ತಿಂಗಳಲ್ಲಿ ನಡಿಗೆ ಬಂತು. ಜೀಪು ಹತ್ತುವುದು ಮಾತ್ರ ಬರಲಿಲ್ಲ. ಜೀಪಿನ ಮೆಟ್ಟಿಲು ನನ್ನ ಮಂಡಿಗಿಂತ ಮೇಲಿದೆ. ಆಟೋದವರು ನಮ್ಮ ಗೇಟಿನವರೆಗೆ ಬರುತ್ತಾರೆ. ಅಲ್ಲಿಂದ ಮನೆಗೆ ಅರ್ಧ ಕಿಲೋಮೀಟರ್ ಏರು, ನಡುವೆ ಮೋರಿ, ಎರಡು ಚಕ್ರದ ಜಾಡಿನ ಮಧ್ಯೆ ಕಲ್ಲು ಎದ್ದ ಮಣ್ಣಿನ ದಿಣ್ಣೆ. "ಇದಕ್ಕೆ ಬರಲ್ಲಕ್ಕ" ಎಂದು ಕೈಮುಗಿಯುತ್ತಾರೆ.

ಡಾಕ್ಟರ ಬಳಿ ಹೋಗಬೇಕಾದಾಗ ನಮ್ಮವರೂ ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರೂ ಸೇರಿ ಅವರನ್ನು ಎತ್ತಿ ಜೀಪಿನೊಳಗೆ ಕೂರಿಸುತ್ತಿದ್ದರು. ಮೂರನೇ ಸಲ ಅತ್ತೆ ಅತ್ತುಬಿಟ್ಟರು. ನೋವಿಗಲ್ಲ. "ಹೆಣ ಎತ್ತಿದಂಗೆ ಎತ್ತಬ್ಯಾಡ್ರೋ. ಡಾಕ್ಟ್ರತ್ರ ಏನೋ ವಿಧಿಯಿಲ್ಲ. ಸಂತೆಗಾದ್ರೆ ನನ್ನ ಕಾಲಲ್ಲಿ ನಾನು ಹತ್ತಂಗಿದ್ರೆ ಬತ್ತೀನಿ, ಇಲ್ದಿದ್ರೆ ಇಲ್ಲ." ಸೋಮವಾರಗಳಲ್ಲಿ ಅವರು ಜಗಲಿಗೆ ಬಂದು ಕೂರುವುದನ್ನೂ ಬಿಟ್ಟರು. ನಾನು ಸಂತೆಯಿಂದ ಬಂದರೆ ಚೀಲ ಬಗ್ಗಿಸಿ ನೋಡಿ, "ಕೊಸರು ಹಾಕಿಸ್ಕಂಡಿಲ್ಲ" ಎಂದು ಒಂದೇ ಮಾತು ಹೇಳಿ ಮುಖ ಆಚೆ ಮಾಡುತ್ತಿದ್ದರು.

ಅದೇ ವರ್ಷ ಕಾಫಿಗೆ ನಾವು ಕಂಡರಿಯದ ರೇಟು ಬಂತು. ಊರಿನ ಅಂಗಳಗಳಲ್ಲೆಲ್ಲ ಹೊಸ ಕಾರುಗಳು ಮೊಳೆತವು. ಮೊದಲನೆಯದು ನನ್ನ ತಂಗಿಯ ಗಂಡನದು. ಕರೆಂಟಿನಲ್ಲಿ ಓಡುವ, ಮುಂದೆ ಮೂತಿಯೇ ಇಲ್ಲದ, ದೊಡ್ಡವರು ಓಡಾಡುವ ಥರದ ಕಾರು. ಅತ್ತೆಯನ್ನು ನೋಡಲು ಬಂದವರು ಅದರಲ್ಲೇ ಬಂದರು. ಮೋರಿಯ ಹತ್ತಿರ ಆ ಕಾರು ತನ್ನಷ್ಟಕ್ಕೆ ತಾನೇ ಮೇಲೆದ್ದು, ಸೀರೆ ನೆರಿಗೆ ಎತ್ತಿ ಹಿಡಿದು ನೀರು ದಾಟುವ ಹೆಂಗಸಿನ ಹಾಗೆ ದಿಣ್ಣೆಯನ್ನು ದಾಟಿತು. ಅಂಗಳದಲ್ಲಿ ನಿಂತು ಬಾಗಿಲು ತೆಗೆಯುವಾಗ ಪುಸ್ ಎಂದು ನಾಲ್ಕು ಬೆರಳು ಕೆಳಗಿಳಿಯಿತು. ಅತ್ತೆ ವಾಕರ್ ಬಿಟ್ಟು, ಬಾಗಿಲು ಹಿಡಿದು, ತಿರುಗಿ, ತಾವೇ ಕೂತರು. ಡಿಸೆಂಬರಿನ ಚಳಿ. ಸೀಟು ಬೆಚ್ಚಗಾಯಿತು.

"ಯಾರೋ ಮೊದ್ಲೇ ಕೂತು ಎದ್ದೋದಂಗೈತೆ ಕಣ್ರೋ" ಎಂದು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ನಕ್ಕದ್ದು ನಾನು ಕಂಡದ್ದು ಅಂದೇ.

ನಮ್ಮವರು ಆವತ್ತೇ ನಿರ್ಧರಿಸಿದರು. "ಅವ್ವನಿಗೆ ಇದೇ ಸರಿ." ಅವ್ವನಿಗೆ ಎನ್ನುವಾಗ ಅವರ ಕೈ ಸ್ಟೇರಿಂಗ್ ಸವರುತ್ತಿತ್ತು, ಅದನ್ನೂ ನೋಡಿದೆ. ಆದರೂ ಸುಮ್ಮನಿದ್ದೆ. ಅತ್ತೆ ಸಂತೆಗೆ ಹೋಗುತ್ತಾರಲ್ಲ ಎಂಬ ಆಸೆ ನನಗೂ ಇತ್ತು.

ಕಾಫಿ ಮಾರಿ ಮುಗಿಯುವ ಹೊತ್ತಿಗೆ ಇನ್ನೊಂದು ಸಿಹಿ ಸುದ್ದಿ ಬಂತು. ಅದೇ ಕಾರಿನ ಬೆಲೆ ಇಳಿದಿದೆಯಂತೆ! ತಂಗಿಯ ಗಂಡ ಕೊಟ್ಟದ್ದಕ್ಕಿಂತ ಆರು ಲಕ್ಷ ಕಮ್ಮಿ. ನಮ್ಮವರು ಫೋನನ್ನು ನನ್ನ ಕಣ್ಣಿಗೆ ಹಿಡಿದು, "ಕಾಯ್ದದ್ದು ಒಳ್ಳೇದಾಯ್ತು ನೋಡೆ. ಅವಸರ ಮಾಡಿದ್ರೆ ಹಿಂಗೇ ಆಗದು" ಎಂದು ಷಡ್ಡಕನ ಮೇಲೆ ಕನಿಕರಪಟ್ಟರು. ಆ ಕನಿಕರ ಒಂದು ವಾರ ಬಂತು.

ಮೈಸೂರಿನ ಷೋರೂಮು ಒಂದು ಗಾಜಿನ ಮನೆ. ಒಳಗೆ ಕಾರಿಗಿಂತ ಹೆಚ್ಚು ದೀಪಗಳಿದ್ದವು. ಟೈ ಕಟ್ಟಿದ ಮಾರಾಟದವನು ನಮ್ಮನ್ನು ಸೋಫಾದ ಮೇಲೆ ಕೂರಿಸಿ, ಮೆಷಿನ್ನಿನಿಂದ ಕಾಫಿ ತರಿಸಿಕೊಟ್ಟ. ಕಾಫಿ ಬೆಳೆಯುವವರ ಬಾಯಿಗೆ ಹಾಕಬಾರದಂಥ ನೀರು ಅದು. ಆ ಅಂಗಡಿಯಲ್ಲಿ ಬೇರೆ ದುಡ್ಡು ಕಟ್ಟದೆ ಸಿಕ್ಕಿದ್ದು ಅದೊಂದೇ ಎಂದು ಆಗ ಗೊತ್ತಿದ್ದರೆ ಇನ್ನೊಂದು ಕಪ್ ಕೇಳುತ್ತಿದ್ದೆ.

ಅವನು ಒಂದು ಟ್ಯಾಬನ್ನು ಮುಂದಿಟ್ಟು ಬೆರಳಿನಿಂದ ಸರಿಸುತ್ತಾ ಹೋದ. ಕಾರಿನ ಬೆಲೆ ಇಷ್ಟು. ಚಾರ್ಜಿಂಗ್ ಕೇಬಲ್ ಬೇರೆ. ಮನೆಯ ಗೋಡೆಗೆ ಹಾಕುವ ಚಾರ್ಜರ್ ಬೇರೆ. ಕಾಲಡಿಯ ಮ್ಯಾಟ್ ಬೇರೆ. ಬಿಳಿ ಬಣ್ಣ ಸೇರಿದೆ, ಉಳಿದ ಬಣ್ಣಕ್ಕೆಲ್ಲ ಬೇರೆ.

ನನಗೆ ಮ್ಯಾಟ್ ಎಂದ ಕೂಡಲೇ ತಲೆ ಕೆಟ್ಟಿತು. "ಮ್ಯಾಟ್ ಯಾಕಪ್ಪ ಬೇರೆ? ಕೆಳಗೆ ಕಾಲಿಡದೆ ಕೂರೋರು ಯಾರಾದ್ರೂ ಇದಾರಾ?"

"ಹಾಗಲ್ಲ ಮೇಡಂ. ಕಸ್ಟಮರ್‌ಗೆ ಚಾಯ್ಸ್ ಕೊಡ್ತಿದೀವಿ. ಮೊದ್ಲು ಎಲ್ಲಾ ಸೇರಿಸಿ ಕೊಡ್ತಿದ್ವಿ, ಬೇಡದವರೂ ದುಡ್ಡು ಕೊಡ್ಬೇಕಾಗ್ತಿತ್ತು. ಈಗ ನಿಮಗೇನು ಬೇಕೋ ಅದಕ್ಕೆ ಮಾತ್ರ ಕೊಡಿ."

"ಕೇಬಲ್ಲು? ಅದು ಬೇಡ ಅಂದೋರು ಕಾರನ್ನ ಏನ್ ಮಾಡ್ತಾರೆ, ತಳ್ಕೊಂಡು ಹೋಗ್ತಾರಾ?"

"ಕೆಲವರ ಹತ್ರ ಹಳೇದು ಇರುತ್ತೆ ಮೇಡಂ."

ಅಷ್ಟರಲ್ಲಿ ಸೀಟಿನ ಸರದಿ ಬಂತು. ಸೀಟಿನೊಳಗೆ ಬೆಚ್ಚಗಾಗುವ ತಂತಿ ಇದ್ದೇ ಇದೆಯಂತೆ. ಎಲ್ಲಾ ಕಾರಿಗೂ ಹಾಕಿಯೇ ಕಳಿಸುತ್ತಾರಂತೆ. ಆದರೆ ಅದು ಬೆಚ್ಚಗಾಗಬೇಕಾದರೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಕಟ್ಟಿದರೆ ಕಂಪನಿಯವರು ತಾವಿದ್ದ ಕಡೆಯಿಂದಲೇ ಬೀಗ ತೆಗೆಯುತ್ತಾರೆ, ನಿಲ್ಲಿಸಿದರೆ ಅಲ್ಲಿಂದಲೇ ಹಾಕುತ್ತಾರೆ.

"ಅಂದ್ರೆ ಕಾರು ನಮ್ಮದು, ಒಳಗಿರೋ ಬಿಸಿ ನಿಮ್ಮದು" ಎಂದೆ.

"ಹಾಗೇ ಅಂದ್ಕೋಬಹುದು ಮೇಡಂ" ಎಂದು ಅವನು ಸಂತೋಷದಿಂದ ಒಪ್ಪಿದ. ಬೈದರೂ ಹೊಗಳಿದ ಹಾಗೆ ಕೇಳಿಸುವಂತೆ ಆ ಹುಡುಗರಿಗೆ ಕಲಿಸಿರುತ್ತಾರೆ.

ಕಕ್ಕಬೆಯ ಕಡೆ ನಮ್ಮ ಪರಿಚಯದವರೊಬ್ಬರ ಹೋಂಸ್ಟೇ ಇದೆ. ಅಲ್ಲಿ ರೂಮಿನ ಬಾಡಿಗೆ ಕೇಳಿದರೆ ಅಗ್ಗ. ಹೋಗಿ ಮಲಗಿದ ಮೇಲೆ ಬಿಸಿನೀರಿಗೆ ಇಷ್ಟು, ಎರಡನೇ ಕಂಬಳಿಗೆ ಇಷ್ಟು, ಅಂಗಳದಲ್ಲಿ ಬೆಂಕಿ ಕಾಯಿಸಿಕೊಂಡರೆ ಸೌದೆಗೆ ಇಷ್ಟು. ಆ ಮನುಷ್ಯನನ್ನು ನಾವೆಲ್ಲ ಜಿಪುಣ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಪಾಪ, ಅವನು ಟೈ ಕಟ್ಟಿಕೊಂಡು ಗಾಜಿನ ಮನೆಯಲ್ಲಿ ಕೂತಿದ್ದರೆ ದೊಡ್ಡ ಮನುಷ್ಯ ಎನಿಸಿಕೊಳ್ಳುತ್ತಿದ್ದ.

ನನಗೆ ಆಶ್ಚರ್ಯವಾದದ್ದು ನಮ್ಮವರ ಬಗ್ಗೆ. ಕಾಫಿ ವ್ಯಾಪಾರಿ ಫೋನಿನಲ್ಲಿ ಒಂದು ರೇಟು ಹೇಳಿ, ಕಾಫಿ ತಕ್ಕಡಿಗೆ ಬಂದ ಮೇಲೆ ತೇವಾಂಶಕ್ಕೆ ಇಷ್ಟು ಕಡಿತ, ಚೀಲದ ತೂಕಕ್ಕೆ ಇಷ್ಟು ಕಡಿತ ಎಂದು ಶುರುಮಾಡಿದರೆ, ಇವರು ಕಾಳನ್ನು ಹಲ್ಲಿನಲ್ಲಿ ಕಚ್ಚಿ ತೋರಿಸಿ, ಖಾಲಿ ಚೀಲವನ್ನು ಬೇರೆ ತೂಗಿಸಿ, ಕಾಲು ಕೆಜಿಗೂ ಜಗಳ ತೆಗೆಯುವ ಮನುಷ್ಯ. ಆ ಗೋದಾಮಿನಲ್ಲಿ ಇವರನ್ನು ಕಂಡರೆ ತಕ್ಕಡಿಯವನು ಬೆವರುತ್ತಾನೆ. ಅಂಥವರು ಇಲ್ಲಿ ಚರ್ಮದ ಸೋಫಾದಲ್ಲಿ ಮುಳುಗಿ, "ಹೂಂ, ಹೂಂ, ಕರೆಕ್ಟು" ಎನ್ನುತ್ತಿದ್ದರು. ಕಡಿತ ಮಾಡಿದ್ದಕ್ಕೆ ಚಾಯ್ಸ್ ಎಂದು ಹೆಸರಿಟ್ಟರೆ ಇವರ ಹಲ್ಲು ಕೆಲಸ ನಿಲ್ಲಿಸುತ್ತದೆ ಎಂದು ನನಗೆ ಇಪ್ಪತ್ತೇಳು ವರ್ಷದಲ್ಲಿ ಗೊತ್ತಿರಲಿಲ್ಲ.

"ಹೋದ ವರ್ಷದ ಕಾರಲ್ಲಿ ಏನೇನಿತ್ತೋ ಅದನ್ನೆಲ್ಲ ವಾಪಸ್ ಸೇರಿಸಿದ್ರೆ ಎಷ್ಟಾಗುತ್ತೆ?" ಎಂದು ಕೇಳಿದೆ.

ಅವನು ಟ್ಯಾಬ್ ಒತ್ತಿ ಒತ್ತಿ, "ಎಂಟೂವರೆ ಲಕ್ಷ ಮೇಲೆ ಬರುತ್ತೆ ಮೇಡಂ" ಎಂದ.

"ಆರು ಲಕ್ಷ ಇಳಿಸಿ ಎಂಟೂವರೆ ಏರಿಸಿದ್ರಿ. ಅಂದ್ರೆ ಅದೇ ಕಾರಿಗೆ ಈಗ ಎರಡೂವರೆ ಲಕ್ಷ ಜಾಸ್ತಿ."

"ಇಲ್ಲ ಮೇಡಂ, ಸ್ಟಾರ್ಟಿಂಗ್ ಪ್ರೈಸ್ ಕಮ್ಮಿ ಆಗಿದೆ."

"ನೀನು ಸುಮ್ಕಿರೇ" ಎಂದರು ನಮ್ಮವರು. "ಎಲ್ಲಾ ಯಾಕೆ ಬೇಕು? ಬೇಕಾದ್ದಷ್ಟೇ ತಗಳ್ಳಾಣ." ಎಂದವರೇ ದೊಡ್ಡ ಬುದ್ಧಿವಂತರ ಹಾಗೆ ಆರಿಸಲು ಕೂತರು. ಕೇಬಲ್ ಹೂಂ. ಗೋಡೆ ಚಾರ್ಜರ್ ಹೂಂ. ಮ್ಯಾಟ್ ಹೂಂ. ಸೀಟಿನ ಬಿಸಿ, ಚಳಿ ಬಂದಾಗ ನೋಡೋಣ. ಆಮೇಲೆ ಅವನು "ಏರ್ ಸಸ್ಪೆನ್ಷನ್ ಪ್ಯಾಕೇಜ್?" ಎಂದ. ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿ ಅದು. ನಮ್ಮವರು ನಕ್ಕು, "ಗಾಳಿ ಗೀಳಿ ಎಲ್ಲಾ ಬ್ಯಾಡ ಬಿಡಿ, ನಮ್ಮೂರಲ್ಲಿ ಬೇಕಾದಷ್ಟೈತೆ" ಎಂದರು. ಮಾರಾಟದವನೂ ನಕ್ಕ. ನಾನೂ ನಕ್ಕೆ. ಮ್ಯಾಟಿನ ಸಿಟ್ಟಿನಲ್ಲಿದ್ದ ನನಗೆ ಒಂದು ದುಬಾರಿ ಸಾಮಾನಾದರೂ ತಪ್ಪಿತಲ್ಲ ಎಂಬ ಸಮಾಧಾನ. ಇದನ್ನು ಬರೆಯುವಾಗ ಕೆನ್ನೆ ಬಿಸಿಯಾಗುತ್ತದೆ. ತಿಂಗಳ ದುಡ್ಡಿಲ್ಲದೆ.

ಮೇ ತಿಂಗಳ ಒಂದು ಶನಿವಾರ ಕಾರು ಬಂತು. ಅತ್ತೆಗೆ ಶುಕ್ರವಾರದಿಂದಲೇ ನಿದ್ದೆಯಿಲ್ಲ. ಬಟ್ಟೆ ಚೀಲಗಳನ್ನು ಒಗೆಸಿ ಒಣಗಿಸಿಟ್ಟರು. "ಸೋಮವಾರಕ್ಕೆ ಇನ್ನೆರಡೇ ದಿವ್ಸ ಅಲ್ವಾ?" ಎಂದು ನನ್ನನ್ನು ಕೇಳಿದರು, ಗೊತ್ತಿಲ್ಲದವರ ಹಾಗೆ. ನಾನು ಆರತಿ ತಟ್ಟೆ ಹಿಡಿದು ಅಂಗಳದಲ್ಲಿ ನಿಂತೆ. ಕರೆಂಟಿನ ಕಾರಿಗೆ ಸದ್ದಿಲ್ಲವಲ್ಲ, ಬಂದದ್ದು ಗೊತ್ತಾಗುವುದಿಲ್ಲ ಎಂದು ಕಿವಿಗೊಟ್ಟು ಕಾಯುತ್ತಿದ್ದರೆ, ಮೋರಿಯ ಕಡೆಯಿಂದ ಕಬ್ಬಿಣದ ಬಾಣಲೆಯನ್ನು ಕಲ್ಲಿನ ಮೇಲೆ ಎಳೆದಂಥ ಸದ್ದು ಬಂತು.

ಓಡಿಹೋಗಿ ನೋಡಿದರೆ ಕಾರು ದಿಣ್ಣೆಯ ಮೇಲೆ ಹೊಟ್ಟೆ ಊರಿ ನಿಂತಿತ್ತು. ನಮ್ಮವರು ಒಳಗೆ ಕೂತು ದೊಡ್ಡ ಪರದೆಯನ್ನು ಒತ್ತುತ್ತಿದ್ದರು. ಪರದೆಯಲ್ಲಿ ಕಾರು ಮೇಲೇಳುವ ಚಿತ್ರವಿತ್ತು. ಅದನ್ನು ಒತ್ತಿದರೆ, ಈ ಸೌಲಭ್ಯ ನಿಮ್ಮ ವಾಹನದಲ್ಲಿ ಇಲ್ಲ ಎಂದು ಬರುತ್ತಿತ್ತು. ಇಲ್ಲದ್ದಕ್ಕೂ ಚಿತ್ರ ಬಿಡಿಸಿಟ್ಟಿದ್ದಾರೆ. ಅದೊಂದು ಪುಕ್ಕಟೆ.

ಷೋರೂಮಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ನಾನೂ ಕೇಳಿದೆ.

"ಸರ್, ಎತ್ತೋದು ಇಳಿಸೋದು ಏರ್ ಸಸ್ಪೆನ್ಷನ್ ಸರ್. ನೀವು ಬೇಡ ಅಂದ್ರಿ."

"ಗಾಳಿ ಬೇಡ ಅಂದೆ ಕಣ್ರೀ! ಎತ್ತೋದು ಬೇಡ ಅಂದ್ನಾ?"

"ಗಾಳೀನೇ ಎತ್ತೋದು ಸರ್."

"ಸರಿ, ಈಗ ದುಡ್ಡು ಕಟ್ತೀನಿ, ಸೀಟಿನ ಥರ ಅಲ್ಲಿಂದಲೇ ಬಿಡ್ರಿ."

"ಅದು ಫ್ಯಾಕ್ಟರಿಯಲ್ಲೇ ಹಾಕ್ಬೇಕು ಸರ್. ಈಗ ಆಗಲ್ಲ. ರಸ್ತೆ ಸ್ವಲ್ಪ ಲೆವೆಲ್ ಮಾಡಿಸ್ಕೊಂಡ್ರೆ ಬೆಸ್ಟ್ ಸರ್."

ಕಾರಿಗೆ ಹೊಂದುವ ರಸ್ತೆಯೂ ಬೇರೆ. ಪಟ್ಟಿಯಲ್ಲಿ ಅದೊಂದು ಬರೆಯಲು ಮರೆತಿದ್ದರು.

ರೈಟರು ಹಾರೆ, ಹಲಗೆ ತಂದು, ಜೀಪಿಗೆ ಹಗ್ಗ ಕಟ್ಟಿ, ಆ ಕಾರನ್ನು ಹಿಂದಕ್ಕೆ ಎಳೆದು ಗೇಟಿನ ಹತ್ತಿರದ ಗೊಬ್ಬರದ ಶೆಡ್ಡಿನಲ್ಲಿ ನಿಲ್ಲಿಸಿದರು. ಮಾತು ಕಮ್ಮಿಯ ಮನುಷ್ಯ. ಹಗ್ಗ ಸುತ್ತುತ್ತಾ, "ಅಣ್ಣಾ, ಇದ್ಕೆ ಎಳೆಯೋ ಕೊಂಡಿ ಮಾತ್ರ ಕೊಟ್ಟವ್ರೆ" ಎಂದರು. ಮೆಚ್ಚಿಕೆಯೋ ಕುಚೋದ್ಯವೋ ಅವರ ಮುಖದಿಂದ ತಿಳಿಯಲಿಲ್ಲ.

ಆರತಿ ತಟ್ಟೆಯನ್ನು ನಾನು ಒಳಗಿಟ್ಟೆ. ಅತ್ತೆಗೆ ಎಲ್ಲವನ್ನೂ ಹೇಳಬೇಕಾಯಿತು. ಮಗ ತಲೆ ತಗ್ಗಿಸಿ ನಿಂತಿದ್ದರು. ಅತ್ತೆ ಕೇಳಿದ್ದು ಒಂದೇ.

"ಕೊಸರು ಕೇಳಿದ್ಯಾ?"

"ಅವ್ವ, ಅಲ್ಲೆಲ್ಲಾ ಕೊಸರು ಗಿಸರು ಇರಲ್ಲ."

"ಹಂಗಾದ್ರೆ ಅಳತೆನಾದ್ರೂ ಸರಿಯಾಗಿ ಕೊಟ್ರಾ? ಅವ್ನು ಬುಟ್ಟಿಯಿಂದ ತೆಗೆದು ತೆಗೆದು ಆಚೆ ಇಡ್ತಾ ಇದ್ರೆ, ನೀನು ಹೂಂ ಹೂಂ ಅಂತ ಕೂತಿದ್ದೆ. ಸಂತೇಲಿ ಬದ್ನೇಕಾಯಿ ಮಾರೋ ಹೆಂಗ್ಸು ನಿನ್ನಂಥೋನ ಕಂಡ್ರೆ ಮೂರು ಮನೆ ಕಟ್ಟುಸ್ತಾಳೆ ಕಣ್ಲಾ."

ಭಾನುವಾರ ಸಂಜೆ ನಮ್ಮವರು ಒಂದು ಉಪಾಯ ತಂದರು. ಮೋರಿಯ ಕೆಳಗೆ ರಸ್ತೆ ಚೆನ್ನಾಗಿದೆ, ಗೇಟಿನಿಂದ ಪೇಟೆಗೆ ಡಾಂಬರು. ಹಾಗಾಗಿ ಅವ್ವನನ್ನು ಮನೆಯಿಂದ ಗೇಟಿನವರೆಗೆ ಜೀಪಿನಲ್ಲಿ ಕರೆದೊಯ್ದು, ಅಲ್ಲಿ ಕಾರಿಗೆ ಬದಲಾಯಿಸುವುದು.

ನಾನು ಅವರ ಮುಖ ನೋಡಿದೆ. ಜೀಪು ಹತ್ತಲಾಗದವರಿಗೆಂದು ತಂದ ಕಾರನ್ನು ಹತ್ತಲು ಮೊದಲು ಜೀಪು ಹತ್ತಬೇಕು. ಅವರಿಗೂ ಹೇಳಿದ ಮೇಲೆ ಕೇಳಿಸಿತು ಅಂತ ಕಾಣುತ್ತದೆ, ಕತ್ತು ಕೆರೆದುಕೊಂಡರು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅತ್ತೆ ಚೀಲಗಳೊಂದಿಗೆ ಜಗಲಿಗೆ ಬಂದರು. ನಮ್ಮವರು, "ಇವತ್ತೊಂದಿನ, ಗೇಟಿನ ತನ್ಕ ಮಾತ್ರ. ನಾನು ಇವಳೂ ಎತ್ತಿ ಕೂರುಸ್ತೀವಿ" ಎಂದು ತೋಳು ಮಡಿಸಿ ಮುಂದೆ ಬಂದರು.

ಅತ್ತೆ ವಾಕರನ್ನು ಮುಂದಕ್ಕೆ ಅಡ್ಡ ಇಟ್ಟರು. "ಮುಟ್ಟಬ್ಯಾಡ."

"ಅವ್ವಾ, ಐದು ನಿಮಿಷ..."

"ನಿನ್ ಕಾರೂ ಬ್ಯಾಡ, ನಿನ್ ಸಂತೆನೂ ಬ್ಯಾಡ. ನಾನು ನಡೀತೀನಿ ಹೋಗು" ಎಂದು ತಿರುಗಿ ಮನೆಯ ಹಿಂದಕ್ಕೆ ಹೊರಟುಬಿಟ್ಟರು. ಕಣದ ಮೇಲೆ ವಾಕರಿನ ಟಕ್ ಟಕ್ ಸದ್ದು ಸಿಟ್ಟಿನಲ್ಲಿ ಬೇಗ ಬೇಗ ಕೇಳಿಸಿತು. ನಾವಿಬ್ಬರೂ ಜಗಲಿಯಲ್ಲಿ ನಿಂತೇ ಇದ್ದೆವು. ಹೋಗಿ ಸಮಾಧಾನ ಮಾಡುವ ಮುಖ ನಮಗಿರಲಿಲ್ಲ.

ಸದ್ದು ನಿಂತಿತು. ತಿರುಗಿ ಬರುವ ಸದ್ದು ಕೇಳಿಸಲಿಲ್ಲ. ನಾನು ಓಡಿದೆ.

ಕಣದ ಆ ತುದಿಯಲ್ಲಿ ರೈಟರು, ಅಂಗಳಕ್ಕೆ ತರುವ ಮೊದಲು, ಜೀಪನ್ನು ಕಟ್ಟೆಗೆ ಒತ್ತಿ ನಿಲ್ಲಿಸಿ, ಪೇಟೆಗೆ ಒಯ್ಯಬೇಕಾಗಿದ್ದ ಉಳಿದ ಕಾಳುಮೆಣಸಿನ ಮೂಟೆಗಳನ್ನು ಹಿಂದುಗಡೆ ಹೇರುತ್ತಿದ್ದರು. ಅತ್ತೆ ಕಟ್ಟೆಯ ಅಂಚಿನಲ್ಲಿ ನಿಂತು ಆ ಮೂಟೆಗಳನ್ನೇ ನೋಡುತ್ತಿದ್ದರು. ರೈಟರು ಮೂಟೆಯನ್ನು ಎತ್ತುತ್ತಿರಲಿಲ್ಲ. ಕಣದ ನೆಲವೂ ಜೀಪಿನ ನೆಲವೂ ಒಂದೇ ಮಟ್ಟ. ಸುಮ್ಮನೆ ಆಚೆಯಿಂದ ಈಚೆಗೆ ಜರುಗಿಸುತ್ತಿದ್ದರು.

"ಮುಂದ್ಗಡೆ ಬಾಗ್ಲು ಇತ್ಲಾಗೆ ಬರಂಗೆ ನಿಲ್ಸಪ್ಪ" ಎಂದರು ಅತ್ತೆ.

"ಯಾಕವ್ವಾ?"

"ಇನ್ನೊಂದು ಮೂಟೆ ಐತೆ."

ರೈಟರು ಜೀಪು ತಿರುಗಿಸಿ ಪಕ್ಕಕ್ಕೆ ತಂದರು. ಇಳಿಜಾರಿನ ನೆಲವಾದ್ದರಿಂದ ಕಟ್ಟೆ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಒಂದು ಮಾರು ಮುಂದೆ, ಅರ್ಧ ಮಾರು ಹಿಂದೆ ಮಾಡಿ, ಜೀಪಿನ ನೆಲ ಕಣಕ್ಕೆ ಸರಿಯಾಗಿ ಕೂಡುವ ಕಡೆ ನಿಲ್ಲಿಸಿದರು. ಅತ್ತೆ ವಾಕರ್ ನನ್ನ ಕೈಗೆ ಕೊಟ್ಟು, ಬಾಗಿಲಿನ ಕಂಬಿ ಹಿಡಿದು, ಒಂದು ಹೆಜ್ಜೆ ಒಳಗಿಟ್ಟರು. ಇನ್ನೊಂದು ಹೆಜ್ಜೆ. ತಿರುಗಿ ಕೂತರು. ಮಂಡಿ ಸೊಂಟದ ಮೇಲೆ ಹೋಗಲಿಲ್ಲ. ಯಾರೂ ಅವರನ್ನು ಮುಟ್ಟಲಿಲ್ಲ.

ನಲವತ್ತು ವರ್ಷದಿಂದ ಆ ಕಟ್ಟೆಯಿಂದ ಮೂಟೆ ಹೇರುತ್ತಿದ್ದೇವೆ. ಹನ್ನೊಂದು ತಿಂಗಳಿಂದ ಅತ್ತೆ ದಿನಕ್ಕೆರಡು ಸಲ ಅಲ್ಲಿಯವರೆಗೆ ನಡೆದು ತಿರುಗಿದ್ದಾರೆ. ಮನುಷ್ಯರು ಜೀಪು ಹತ್ತುವುದು ಮುಂದಿನ ಅಂಗಳದಲ್ಲಿ, ಕಾಫಿ ಹತ್ತುವುದು ಹಿಂದಿನ ಕಣದಲ್ಲಿ. ಅದು ಹಾಗೇ ನಡೆದುಬಂದದ್ದು. ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಮೈಸೂರಿನವರೆಗೆ ಹೋಗಿ ಗಾಳಿ ಬೇಡ ಎಂದು ಹೇಳಿಬರುವಷ್ಟು ಬುದ್ಧಿ ಇತ್ತು, ಇಷ್ಟು ಇರಲಿಲ್ಲ.

ನಮ್ಮವರು ಹಿಂದಿನಿಂದ ಬಂದು ಇದನ್ನೆಲ್ಲ ಕಂಡು ಮುಖ ಅರಳಿಸಿಕೊಂಡರು. ಜೇಬಿನಿಂದ ಕಾರಿನ ಕೀಲಿ ತೆಗೆದು, "ಹಾಂ, ಆಯ್ತಲ್ಲ! ಈಗ ಗೇಟಿನ ತನ್ಕ ಹೋಗಿ ಕಾರಿಗೆ..."

"ಹತ್ತಿದ್ದಾಯ್ತಲ್ಲ" ಎಂದರು ಅತ್ತೆ. "ಇನ್ಯಾಕೆ ಇಳೀಲಿ? ನಡೀರಿ ಹಿಂಗೇ."

ಗೇಟಿನ ಹತ್ತಿರ ಶೆಡ್ಡಿನಲ್ಲಿ ಕಾರು ಬಿಳಿ ಹೊದಿಕೆ ಹೊದ್ದು ನಿಂತಿತ್ತು. ಹೊದಿಕೆಯೂ ಬೇರೆ ಕೊಂಡದ್ದೇ. ಅತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ. ಹಿಂದುಗಡೆ ಮೆಣಸಿನ ಮೂಟೆಯ ಮೇಲೆ ನನ್ನ ಪಕ್ಕ ಕೂತಿದ್ದ ನಮ್ಮವರು ಮಾತ್ರ ತಿರುವು ದಾಟುವವರೆಗೂ ನೋಡುತ್ತಿದ್ದರು.

ಪೇಟೆಯಲ್ಲಿ ಮೆಣಸಿನ ವ್ಯಾಪಾರಿಯ ಗೋದಾಮಿಗೂ ಅಂಥದೇ ಕಟ್ಟೆಯಿದೆ, ಪಕ್ಕದಲ್ಲಿ ಗಿಡ್ಡ ಗಿಡ್ಡ ಮೆಟ್ಟಿಲು. ಮೂಟೆಗಳಿಗಿಂತ ಮೊದಲು ಅತ್ತೆ ಇಳಿದರು. ಗೋದಾಮಿನ ಹಿಂದೆಯೇ ಸಂತೆ. ತರಕಾರಿಯವನು ಅವರನ್ನು ದೂರದಿಂದಲೇ ಕಂಡು ಎದ್ದು ನಿಂತ. "ಅಯ್ಯೋ ಅಜ್ಜೀ! ಎಷ್ಟು ದಿವ್ಸ ಆಯ್ತು! ಹೊಸಾ ಕಾರಂತೆ? ಎಲ್ಲಿ?"

"ಗೇಟ್ ಕಾಯ್ತಾ ಐತೆ ಕಣಪ್ಪ. ನಾಯಿಗೆ ಈಗ ಬಿಡುವು."

ಒಂದು ಕೆಜಿ ಬೀನ್ಸ್ ತೂಗಿಸಿದರು. ಚೀಲದ ಬಾಯಿ ಬಿಡಿಸಿ ಹಿಡಿಯಲು ವಾಕರ್ ಬಿಡುವಂತಿರಲಿಲ್ಲ, ನಾನು ಹಿಡಿದೆ. ಅವನು ತಕ್ಕಡಿ ಬಗ್ಗಿಸಿದ. ಅತ್ತೆ ಅವನ ಮುಖವನ್ನೇ ನೋಡುತ್ತಾ ನಿಂತರು. ಅವನು ಒಂದು ಹಿಡಿ ಹಾಕಿದ. ಅವರು ಕದಲಲಿಲ್ಲ. ಹನ್ನೊಂದು ತಿಂಗಳದು ಬಾಕಿ ಇತ್ತಲ್ಲ. ನಕ್ಕು, ಎರಡೂ ಕೈಯಲ್ಲಿ ಬಾಚಿ ಇನ್ನಷ್ಟು ಹಾಕಿದ.

ಅತ್ತೆ ಆಗ ಮಗನ ಕಡೆ ತಿರುಗಿದರು. "ನೋಡ್ಕಂಡ್ಯಾ?" ಎಂದರು.